ದೇವರ ರಾಜ್ಯದ ಗಲ್ಲಾಪೆಟ್ಟಿಗೆ

ಊರಿಗೆ ಹೋದಾಗಲೆಲ್ಲ ಎರಡು ಮಾತು ಕಿವಿಗೆ ಬೀಳುತ್ತವೆ. 'ಜಾಗತೀಕರಣ ಬಂತಲ್ಲ, ಇನ್ನು ಧರ್ಮದ ಹಿಡಿತ ತಾನಾಗೇ ಸಡಿಲವಾಗುತ್ತೆ ಬಿಡಿ' ಅನ್ನುತ್ತಾರೆ ಒಬ್ಬರು. 'ಈ ಜಾಗತೀಕರಣದ ಹಾವಳಿ ತಡೆಯೋಕೆ ಧರ್ಮದ ಆಡಳಿತವೇ ಆಗಬೇಕು' ಅನ್ನುತ್ತಾರೆ ಇನ್ನೊಬ್ಬರು. ಇಬ್ಬರನ್ನೂ ಒಮ್ಮೆ ತಿರುವನಂತಪುರದ ಚಾಲೈ ಪೇಟೆಗೆ ಕರೆತಂದು ನಿಲ್ಲಿಸಬೇಕು ಅನಿಸುತ್ತದೆ ನನಗೆ. ಪಕ್ಕದ ಓಣಿಯಲ್ಲೇ ನನ್ನ ಬಾಡಿಗೆ ಮನೆ. ಊಟ ತಿಂಡಿಯ ಖರ್ಚು ನನ್ನದೇ.

ಪೇಟೆಯಿಂದ ಕೋಟೆಯೊಳಕ್ಕೆ ನಡೆದರೆ ಪದ್ಮನಾಭಸ್ವಾಮಿ ಗುಡಿ. 1750ರಲ್ಲಿ ತಿರುವಾಂಕೂರಿನ ಮಾರ್ತಾಂಡವರ್ಮ ಇಡೀ ರಾಜ್ಯವನ್ನೇ ಈ ದೇವರಿಗೆ ಒಪ್ಪಿಸಿಬಿಟ್ಟ. ಅಂದಿನಿಂದ ಆಳುವವನು ದೇವರು, ರಾಜ ಬರೀ 'ಪದ್ಮನಾಭದಾಸ'. ಇದಕ್ಕಿಂತ ಅಪ್ಪಟ ಧಾರ್ಮಿಕ ಸರ್ಕಾರ ಎಲ್ಲಿ ಸಿಕ್ಕೀತು ಹೇಳಿ! ಆದರೆ ಅದೇ ದಾಸ ಕಾಳುಮೆಣಸಿನ ವ್ಯಾಪಾರವನ್ನು ಬೇರೆ ಯಾರ ಕೈಗೂ ಬಿಡದೆ ಸರ್ಕಾರದ ಹಕ್ಕು ಮಾಡಿಕೊಂಡಿದ್ದ. 1741ರಲ್ಲಿ ಕೊಳಚ್ಚಲ್‌ನಲ್ಲಿ ಯಾರನ್ನು ಸೋಲಿಸಿದ್ದನೋ ಆ ಡಚ್ಚರ ಜೊತೆಗೇ 1753ರಲ್ಲಿ ಮಾವೇಲಿಕ್ಕರದ ಒಪ್ಪಂದವಾಯಿತು. ಮೆಣಸು ಅವರಿಗೆ, ಆಯುಧ ಇವನಿಗೆ. ಮೆಣಸು ತುಂಬಿದ ಬೊಕ್ಕಸದಿಂದಲೇ ಸೈನ್ಯ, ಅದರಿಂದಲೇ ಆರು ವರ್ಷಕ್ಕೊಮ್ಮೆ 56 ದಿನಗಳ ಮುರಜಪ. 2011ರಲ್ಲಿ ಗುಡಿಯ ನೆಲಮಾಳಿಗೆ ತೆರೆದಾಗ ಪರದೇಶದ ನಾಣ್ಯಗಳೂ ಸಿಕ್ಕವೆಂದು ಪತ್ರಿಕೆಗಳು ಬರೆದವು. ಆಶ್ಚರ್ಯಪಡುವುದೇನಿದೆ?

ಸರಿ, ಹಡಗಿಗೆ ತೆರೆದ ಬಾಗಿಲು ಮನುಷ್ಯರಿಗೆ ತೆರೆಯಿತೇ? ಅದೇ ರಾಜ್ಯದಲ್ಲಿ ಪುಲಯರು ಸಾರ್ವಜನಿಕ ರಸ್ತೆಯಲ್ಲಿ ನಡೆಯುವಂತಿರಲಿಲ್ಲ. ಗುಲಾಮಗಿರಿ ರದ್ದಾದದ್ದೇ 1855ರಲ್ಲಿ. 1893ರಲ್ಲಿ ವೆಂಙಾನೂರಿನ ಅಯ್ಯನ್‌ಕಾಳಿ ಎತ್ತಿನಗಾಡಿ ಏರಿ ರಸ್ತೆಗಿಳಿದಾಗ ಮೇಲ್ಜಾತಿಯವರು ಅಡ್ಡಗಟ್ಟಿದರು. ಗುಡಿಯ ಬಾಗಿಲು ತೆರೆದದ್ದು 1936ರ ನವೆಂಬರ್ 12ರ ಘೋಷಣೆಯಿಂದ. ರಾಜ್ಯ ದೇವರದಾದ ಮೇಲೆ 186 ವರ್ಷ! ಮೆಣಸಿನ ಮೂಟೆ ಹಾಲೆಂಡ್ ಮುಟ್ಟಲು ಇಷ್ಟು ಕಾಲ ಬೇಕಾಗಿರಲಿಲ್ಲ. ವ್ಯಾಪಾರ ತಾನಾಗಿ ಏನನ್ನೂ ಸಡಿಲಿಸಲಿಲ್ಲ ಸ್ವಾಮಿ. ಅಯ್ಯನ್‌ಕಾಳಿಯ ಗಾಡಿ ಬೇಕಾಯಿತು, 1924ರಲ್ಲಿ ವೈಕಂನ ಬೀದಿಯಲ್ಲಿ ಸತ್ಯಾಗ್ರಹಕ್ಕೆ ಕೂತವರು ಬೇಕಾದರು.

ಈಗಲೂ ವರ್ಷಕ್ಕೆರಡು ಸಲ ಈ ದೇವರ ಆರಾಟ್ಟು ಮೆರವಣಿಗೆ ವಿಮಾನ ನಿಲ್ದಾಣದ ರನ್‌ವೇ ದಾಟಿಕೊಂಡೇ ಶಂಖುಮುಖಂ ಕಡಲಿಗೆ ಹೋಗುತ್ತದೆ. ಕೆಲವು ಗಂಟೆ ಎಲ್ಲ ವಿಮಾನ ಬಂದ್, ಗಲ್ಫಿನದೂ ಸೇರಿ. 2021ರಲ್ಲಿ ನಿಲ್ದಾಣ ಅದಾನಿ ಕಂಪನಿಯ ಕೈಗೆ ಹೋದ ಮೇಲೂ ಅದೇ ಪದ್ಧತಿ. (ನೋಡೋಕೆ ಚೆಂದ, ಸುಳ್ಳೇಕೆ ಹೇಳಲಿ.) ದೇವರಿಗೂ ಕಂಪನಿಗೂ ಜಗಳವಾಗಿಲ್ಲ.

ಇನ್ನು ಈ ಚಾಲೈ ಪೇಟೆ. ಕಟ್ಟಿಸಿದವನು ದಿವಾನ ರಾಜಾ ಕೇಶವದಾಸ. ಹುಡುಗನಾಗಿದ್ದಾಗ ಮುಸ್ಲಿಂ ವರ್ತಕನೊಬ್ಬನ ಬಳಿ ಲೆಕ್ಕ ಬರೆಯುತ್ತಿದ್ದನಂತೆ. ದೇವರ ರಾಜ್ಯಕ್ಕೆ ಅದರಿಂದ ಮೈಲಿಗೆಯಾಗಲಿಲ್ಲ, ಗಳಿಕೆ ಇತ್ತಲ್ಲ! ನಮ್ಮಲ್ಲಿ ನೋಡಿ. 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಪೂಜೆಗೆ ಮುಸ್ಲಿಮರಿಗೆ ಅಂಗಡಿ ಹಾಕಲು ಜಾಗ ಕೊಡಲಿಲ್ಲ. ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಾಗ ಸರ್ಕಾರ 2002ರ ನಿಯಮ ತೋರಿಸಿತು. ನಂತರ ಬೇರೆ ಜಾತ್ರೆಗಳಿಗೂ ಅದು ಹಬ್ಬಿತು. ಧರ್ಮದ ಆಡಳಿತ ಬಂದರೆ ಪರದೇಶಿ ಹಾವಳಿ ನಿಲ್ಲುತ್ತೆ ಅನ್ನುವ ನನ್ನ ಊರಿನ ಸ್ನೇಹಿತರು ಮುಂದಿನ ಜಾತ್ರೆಯಲ್ಲಿ ಒಂದು ಸುತ್ತು ಹಾಕಲಿ. ಚೀನಾದ ಪ್ಲಾಸ್ಟಿಕ್ ಆಟಿಕೆಗೆ ಯಾವ ಗುಡಿಯವರೂ ಜಾಗ ಇಲ್ಲ ಅಂದದ್ದನ್ನು ನಾನಂತೂ ಕೇಳಿಲ್ಲ. ಜಾಗ ಇಲ್ಲ ಅಂದದ್ದು ಅದನ್ನು ಮಾರಿ ಹೊಟ್ಟೆ ಹೊರೆಯುವವನಿಗೆ.