ಕಿರುನೌಕೆಯ ಪಾಠ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳು ಬಯಲುಸೀಮೆಯ ಊರುಗಳು. ಕಡಲು ಇಲ್ಲಿಗೆ ದೂರ. ಇಲ್ಲಿನ ವಿದ್ಯಾರ್ಥಿಯೊಬ್ಬನು ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಅಂಟಿಸಿ ಯುದ್ಧನೌಕೆಯ ಮಾದರಿಯನ್ನು ಕಟ್ಟಲು ಕುಳಿತರೆ, ಹಿರಿಯರು ಅದನ್ನು ಕಾಲಹರಣವೆಂದು ಜರೆಯುವುದುಂಟು. ಆ ಮಾತು ಸರಿಯಲ್ಲ.

2022ರಲ್ಲಿ ಭಾರತೀಯ ನೌಕಾಪಡೆಯನ್ನು ಸೇರಿದ ವಿಕ್ರಾಂತ್ ನೌಕೆಯ ಉದ್ದ 262 ಮೀಟರು. ಮಾದರಿಕಾರರಲ್ಲಿ ರೂಢಿಯಲ್ಲಿರುವ 1:350ರ ಪ್ರಮಾಣದಲ್ಲಿ ಅದು ಸುಮಾರು 75 ಸೆಂಟಿಮೀಟರಿಗೆ ಇಳಿಯುತ್ತದೆ. ಅಲ್ಲಿ ಒಂದು ಮಿಲಿಮೀಟರು ತಪ್ಪಿದರೆ ನಿಜನೌಕೆಯಲ್ಲಿ 35 ಸೆಂಟಿಮೀಟರು ತಪ್ಪಿದಂತೆ. ಗಣಿತದಲ್ಲಿ ಓದಿದ ಅನುಪಾತವು ಹೀಗೆ ಕೈಗೆ ತಿಳಿಯುತ್ತದೆ.

ಈ ವಿದ್ಯೆ ಈ ನೆಲಕ್ಕೆ ಹೊಸದೇನೂ ಅಲ್ಲ. ಗದಗಿಗೆ ಸಮೀಪದ ಲಕ್ಕುಂಡಿಯಲ್ಲಿ, ಕಲ್ಯಾಣ ಚಾಲುಕ್ಯರ ಕಾಲದ ಕಾಶಿವಿಶ್ವೇಶ್ವರ ದೇವಾಲಯದ ಗೋಡೆಗಳ ಮೇಲೆ ಶಿಲ್ಪಿಗಳು ಶಿಖರಗಳ ಕಿರುಮಾದರಿಗಳನ್ನೇ ಕಡೆದಿದ್ದಾರೆ. ಕಿರಿದೆಂದು ಅವರು ಉಪೇಕ್ಷಿಸಲಿಲ್ಲ.

ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುತ್ತವೆ, ತಾಳ್ಮೆ ಬರುವುದಿಲ್ಲ. ಅಂಟು ಒಣಗುವ ಮುನ್ನ ಆತುರಪಟ್ಟರೆ ಕೂಡಿಸಿದ್ದೂ ವಾಲುತ್ತದೆ. ಪೆಟ್ಟಿಗೆ ಕೊಳ್ಳಲು ಹಣವಿಲ್ಲದವನು ರಟ್ಟಿನಿಂದಲೂ ಕಟ್ಟಬಹುದು. ಅಳತೆ ಮಾತ್ರ ತಪ್ಪಬಾರದು. ಬಣ್ಣದಡಿ ಮುಚ್ಚಿದ ಬಿರುಕು ನೋಡುವವರಿಗೆ ಕಾಣದಿರಬಹುದು, ಕಟ್ಟಿದವನಿಗೆ ಮರೆಯಾಗದು. ಕಾಣದ ಕಡೆಯಲ್ಲಿಯೂ ಕೆಲಸ ಚೊಕ್ಕಟವಾಗಿರಬೇಕೆಂಬ ನಿಷ್ಠೆ ಬಾಲ್ಯದಲ್ಲಿ ಬೇರೂರಿದರೆ, ನಾಳೆ ಅವನು ಕಟ್ಟುವ ಸೇತುವೆಯ ಮೇಲೆ ಜನ ನಿಶ್ಚಿಂತೆಯಿಂದ ನಡೆದಾರು.