ಕೃಷ್ಣಪ್ಪ ‘ಸ್ಪೆಷಲ್ ಕ್ಯಾರೆಕ್ಟರ್’ ಅಲ್ಲ ಸ್ವಾಮಿ!

ಹಿಂದೆ ನಾನಿದ್ದ ಟೀಮಿನಲ್ಲಿ ಒಂದು ಬೆಳಿಗ್ಗೆ ಆಟೊಮೇಷನ್ ರಿಪೋರ್ಟು ಕೆಂಪಾಗಿತ್ತು. ವೆಬ್ ಸರ್ವೀಸಿಗೆ ‘ಕೃಷ್ಣಪ್ಪ’ ಅಂತ ಹೆಸರು ಕಳಿಸಿದರೆ ವಾಪಸ್ ಬರುತ್ತಿದ್ದದ್ದು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಊಟದ ಹೊತ್ತಿಗೆ ರಿಪೋರ್ಟು ಹಸಿರಾಯಿತು. ಏನು ರಿಪೇರಿ ಮಾಡ್ದೆ ಅಂತ ಗೆಳೆಯನನ್ನು ಕೇಳಿದೆ. ‘ಏನಿಲ್ಲ ಗುರು, ಡೇಟಾದಲ್ಲಿ ಸ್ಪೆಷಲ್ ಕ್ಯಾರೆಕ್ಟರ್ ಇತ್ತು. ತೆಗೆದು ಟೆಸ್ಟ್‌ಯೂಸರ್ 1 ಅಂತ ಹಾಕ್ದೆ’ ಅಂದ.

ಜ್ವರ ಬಂದಿದೆ ಅಂತ ಥರ್ಮಾಮೀಟರ್ ಒಡೆದ ಹಾಗೆ!

ಬೆಂಗಳೂರಿನಲ್ಲಿ ಕೂತು ಕನ್ನಡದ ಹೆಸರನ್ನು ‘ಸ್ಪೆಷಲ್’ ಅನ್ನುವುದೇ ಮೊದಲ ತಪ್ಪು. ಕನ್ನಡ ಅಕ್ಷರಗಳಿಗೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ, ಮೊದಲ ಆವೃತ್ತಿಯಲ್ಲೇ. ಇವತ್ತು ಕೋಡ್ ಬರೆಯುತ್ತಿರುವ ಎಷ್ಟೋ ಜನ ಆಗಿನ್ನೂ ಹುಟ್ಟಿರಲಿಲ್ಲ. ಹಾಗಿರುವಾಗ ‘ಸಿಸ್ಟಮ್ ಸಪೋರ್ಟ್ ಮಾಡಲ್ಲ’ ಅನ್ನೋದು ಸೋಮಾರಿತನದ ಇನ್ನೊಂದು ಹೆಸರು.

ಎರಡನೇ ತಪ್ಪು, ಹಸಿರು ಬಣ್ಣವನ್ನು ನಂಬುವುದು. ನಮ್ಮ ಅರ್ಧ ಟೆಸ್ಟುಗಳು ನೋಡುವುದು 200 ಓಕೆ ಬಂತಾ ಅಂತ ಮಾತ್ರ. ಒಳಗೆ ಬಂದ ಹೆಸರು ಏನಾಯಿತು ಅಂತ ಯಾರೂ ತೆರೆದು ನೋಡುವುದಿಲ್ಲ. ನೋಡಿದರೂ ಮೋಸ ಹೋಗಬಹುದು. ಕಳಿಸಿದ ಯುಟಿಎಫ್-8 ಬೈಟುಗಳನ್ನು ಸರ್ವರ್ ಲ್ಯಾಟಿನ್-1 ಅಂದುಕೊಂಡು ಓದಿ ಉಳಿಸಿಕೊಳ್ಳುತ್ತದೆ, ಅದೇ ತಪ್ಪಿನಲ್ಲಿ ವಾಪಸ್ ಕಳಿಸುತ್ತದೆ. ಎರಡು ತಪ್ಪು ಸೇರಿ ಉತ್ತರ ಸರಿ! ಟೆಸ್ಟು ಪಾಸು. ಆದರೆ ಡೇಟಾಬೇಸಿನಲ್ಲಿ ಕೂತಿರೋದು ತಲೆಮೇಲೆ ಗೀಟು ಹೊತ್ತ ಇಂಗ್ಲಿಷ್ ಎ, ಅದರ ಪಕ್ಕ ಮೇಲಕ್ಕೇರಿದ ಪುಟ್ಟ 2, ಪುಟ್ಟ 3. ನಾಳೆ ಅದೇ ಡೇಟಾದಿಂದ ಬಿಲ್ಲೋ, ಗುರುತಿನ ಚೀಟಿಯೋ ಪ್ರಿಂಟ್ ಆದಾಗ ಕೌಂಟರಿನ ಮುಂದೆ ನಿಂತು ‘ಇದು ನನ್ನ ಹೆಸರಲ್ಲ’ ಅಂತ ಗೋಗರೆಯಬೇಕಾದವರು ಕೃಷ್ಣಪ್ಪನವರು, ನಾವಲ್ಲ.

‘ಯೂಸರ್ಸ್ ಎಲ್ಲ ಇಂಗ್ಲಿಷಲ್ಲೇ ಟೈಪ್ ಮಾಡ್ತಾರಲ್ಲ’ ಅನ್ನುವವರಿದ್ದಾರೆ. ಮಾಡದೆ ಏನು ಮಾಡ್ತಾರೆ? ಕನ್ನಡ ಟೈಪ್ ಮಾಡಿದಾಗಲೆಲ್ಲ ಪ್ರಶ್ನಾರ್ಥಕ ಚಿಹ್ನೆ ಬಂದರೆ ಯಾರಾದರೂ ಇಂಗ್ಲಿಷಿಗೇ ಶರಣಾಗುತ್ತಾರೆ. ನಾವೇ ಬಾಗಿಲು ಮುಚ್ಚಿ, ಯಾರೂ ಒಳಗೆ ಬರಲ್ಲ ಅಂದರೆ ಹೇಗೆ?

ಪರಿಹಾರ ರಾಕೆಟ್ ವಿಜ್ಞಾನವೇನಲ್ಲ. ಟೆಸ್ಟ್ ಡೇಟಾಕ್ಕೆ ಮೂರು ಹೆಸರು ಸೇರಿಸಿ. ಒಂದು, ಕೃಷ್ಣಪ್ಪ. ಕಣ್ಣಿಗೆ ಮೂರೇ ಅಕ್ಷರ, ಯೂನಿಕೋಡ್‌ಗೆ 8 ಸಂಕೇತ, ಯುಟಿಎಫ್-8ರಲ್ಲಿ 24 ಬೈಟು. ಕಾಲಂ 20 ಬೈಟಿನದಾದರೆ ಹೆಸರಿನ ಬಾಲ ಕತ್ತರಿಸಿಹೋಗುತ್ತದೆ. ಎರಡು, ರಾಜ್‌ಕುಮಾರ್. ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದಿದೆ. ಅದನ್ನು ‘ಕ್ಲೀನ್’ ಮಾಡಿದರೆ ಹೆಸರು ‘ರಾಜ್ಕುಮಾರ್’ ಆಗಿಬಿಡುತ್ತದೆ. ಮೂರು, ಗೋಪಾಲ್ & ಸನ್ಸ್. ಆ & ಚಿಹ್ನೆಯನ್ನು ಎಸ್ಕೇಪ್ ಮಾಡದಿದ್ದರೆ ಎಕ್ಸ್‌ಎಂಎಲ್ ಮುರಿದು ಬೀಳುತ್ತದೆ.

ಟೆಸ್ಟ್ ಫೈಲ್ ಓದುವಾಗಲೂ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಿ. ಜಾವಾ ಅದನ್ನು ಡೀಫಾಲ್ಟ್ ಮಾಡಿದ್ದೇ 2022ರಲ್ಲಿ, 18ನೇ ಆವೃತ್ತಿಯಿಂದ. ಹಳೆಯದರಲ್ಲಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ಪಾಸಾದದ್ದು ಸರ್ವರಿನಲ್ಲಿ ಫೇಲಾಗಬಹುದು. ಕೊನೆಗೆ, ಹೋದ ಹೆಸರನ್ನೂ ಬಂದ ಹೆಸರನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ. ಡೇಟಾಬೇಸಿಗೂ ಒಮ್ಮೆ ಇಣುಕಿ ನೋಡಿ.

ನಾಳೆ ಕೆಂಪು ಬಂದರೆ ಬೇಜಾರಾಗಬೇಡಿ. ಆ ಕೆಂಪು ನಿಮಗೆ ನಿಜ ಹೇಳುತ್ತಿದೆ. ಕೃಷ್ಣಪ್ಪನನ್ನು ತೆಗೆಯಬೇಡಿ, ಕೋಡ್ ಸರಿಮಾಡಿ.