ಐದು ಲಕ್ಷದ ಕಾರ್ಡು, ಐವತ್ತು ರೂಪಾಯಿ ರಿನ್ಯೂವಲ್ಲು

ಕಳೆದ ಸೆಮಿಸ್ಟರ್ ನಮ್ಮ ಕಾಲೇಜಿನ ಹ್ಯಾಕಥಾನ್‌ನಲ್ಲಿ ನಾನೂ ಇದ್ದೆ. ನಮ್ಮ ಟೀಮಿನದು ವಿಕಲಚೇತನ ಮಕ್ಕಳ ಮನೆಯವರಿಗೆ ಸರ್ಕಾರದ ಸ್ಕೀಮುಗಳನ್ನೆಲ್ಲ ಒಂದೇ ಕಡೆ ತೋರಿಸುವ ಆ್ಯಪ್. ಲೋಗೋ ಚೆನ್ನಾಗಿತ್ತು, ಮೂರನೇ ಬಹುಮಾನವೂ ಬಂತು. ಖುಷಿಯಲ್ಲಿ ರಾತ್ರಿ ಊರಿಗೆ ಫೋನ್ ಮಾಡಿ ಚಿಕ್ಕಮ್ಮನಿಗೆ ಹೇಳಿದೆ. "ಚಲೋ ಆತು ಬಿಡಪ್ಪ. ಅದಿರ್ಲಿ, ಮಾರ್ಚ್‌ನಾಗ ಏನೋ ರಿನ್ಯೂ ಮಾಡಿಸ್ಬೇಕು ಅಂದಿದ್ದೆಲ್ಲ, ಅದು ಆತೇನು?" ಅಂದ್ರು.

ಆಗಿರಲಿಲ್ಲ. ಅದು ಮೇ ತಿಂಗಳು.

ನಮ್ಮದು ಹರಪನಹಳ್ಳಿ ತಾಲ್ಲೂಕಿನ ತೆಲಿಗಿ. ಚಿಕ್ಕಮ್ಮನ ಮಗನಿಗೆ ಸೆರೆಬ್ರಲ್ ಪಾಲ್ಸಿ. ಹುಟ್ಟಿದ್ದು 2016ರಲ್ಲಿ, ಆಗ ನಮ್ಮೂರು ದಾವಣಗೆರೆ ಜಿಲ್ಲೆ. 2018ರಲ್ಲಿ ತಾಲ್ಲೂಕನ್ನು ಬಳ್ಳಾರಿಗೆ ಸೇರಿಸಿದರು. 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತು. ಹುಡುಗ ಹಾಸಿಗೆ ಬಿಟ್ಟು ಕೂರೋದು ಕಲಿಯುವಷ್ಟರಲ್ಲಿ ಮೂರು ಜಿಲ್ಲೆ ನೋಡಿಬಿಟ್ಟ, ಮನೆ ಮಾತ್ರ ಅದೇ. ಓದೋಕೆ ತಮಾಷೆ ಅನ್ನಿಸುತ್ತೆ. ಆದರೆ ಒಂದು ಕಾಗದದಲ್ಲಿ ದಾವಣಗೆರೆ, ಇನ್ನೊಂದರಲ್ಲಿ ಬಳ್ಳಾರಿ, ಮತ್ತೊಂದರಲ್ಲಿ ವಿಜಯನಗರ ಅಂತ ಇದ್ದರೆ ಅರ್ಜಿ ಅಪ್‌ಲೋಡ್ ಮಾಡುವಾಗ ತಮಾಷೆ ಎಲ್ಲ ಇಳಿದು ಹೋಗುತ್ತೆ. ವಿಳಾಸ ಸರಿಮಾಡಿಸೋಕೇ ನಮಗೆ ಎರಡು ರಜೆ ಬೇಕಾಯ್ತು.

ಇವತ್ತಿಗೂ ನಮ್ಮ ಕಡೆಯವರು ಆಸ್ಪತ್ರೆ ಅಂದರೆ ದಾವಣಗೆರೆಗೇ ಹೋಗೋದು. ಜಿಲ್ಲಾ ಕೇಂದ್ರ ಹೊಸಪೇಟೆ ನೂರು ಕಿಲೋಮೀಟರ್ ಆಸುಪಾಸು ದೂರ. ಚಿಕ್ಕಮ್ಮ ವಾರಕ್ಕೆ ಎರಡು ಸಲ ಹುಡುಗನನ್ನು ಎತ್ತಿಕೊಂಡು ಫಿಸಿಯೋಥೆರಪಿಗೆ ಹೋಗ್ತಾರೆ. ಶಕ್ತಿ ಯೋಜನೆ ಬಂದಮೇಲೆ ಅವರ ಬಸ್ ಚಾರ್ಜ್ ಉಳಿದಿದೆ, ಅದು ಸಣ್ಣ ವಿಷಯ ಅಲ್ಲ. ಥೆರಪಿ ಫೀಸು ಒಂದು ಸಲಕ್ಕೆ ಮುನ್ನೂರು. ಹೋದ ದಿನ ಕೂಲಿ ಇಲ್ಲ. ಲೆಕ್ಕ ನೀವೇ ಹಾಕಿ.

"ಆಯುಷ್ಮಾನ್ ಕಾರ್ಡ್ ಇಲ್ವಾ?" ಅಂತ ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳ್ತಾರೆ. ಇದೆ. ಲ್ಯಾಮಿನೇಶನ್ ಮಾಡಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಟ್ರಂಕಿನಲ್ಲಿ ಇಟ್ಟಿದ್ದಾರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆಪರೇಷನ್ ಬಿದ್ದರೆ, ಅಡ್ಮಿಟ್ ಆದರೆ, ಆ ಕಾರ್ಡು ಜೀವ ಉಳಿಸುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಈ ಹುಡುಗ ಅಡ್ಮಿಟ್ ಆಗೋದಿಲ್ಲ. ಅವನಿಗೆ ಬೇಕಾಗಿರೋದು ವಾರಕ್ಕೆ ಎರಡು ದಿನ ಯಾರೋ ಕೈಕಾಲು ಬಿಡಿಸಿ, ನಿಲ್ಲಿಸಿ, ಎರಡು ಹೆಜ್ಜೆ ಇಡಿಸೋದು. ಕೌಂಟರಿನಲ್ಲಿ ಕಾರ್ಡ್ ತೋರಿಸಿದರೆ "ಇದು ಇದಕ್ಕೆ ಬರಲ್ಲಮ್ಮ" ಅಂದರು. ಚಿಕ್ಕಮ್ಮ ಮತ್ತೆ ಅದನ್ನು ಟ್ರಂಕಿಗೇ ಹಾಕಿದರು. ಐದು ಲಕ್ಷ ಪೆಟ್ಟಿಗೆಯಲ್ಲಿದೆ, ಮುನ್ನೂರಕ್ಕೆ ಸಾಲ ಮಾಡ್ತಾರೆ.

ಇಂಥ ಮಕ್ಕಳಿಗಾಗಿಯೇ ಕೇಂದ್ರ ಸರ್ಕಾರದ ಬೇರೆ ಒಂದು ವಿಮೆ ಇದೆ, ಹೆಸರು ನಿರಾಮಯ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಕೆಳಗೆ ಬರುತ್ತೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷದವರೆಗೆ. ಐದು ಲಕ್ಷದ ಮುಂದೆ ಒಂದು ಲಕ್ಷ ಚಿಕ್ಕದಾಗಿ ಕಾಣುತ್ತೆ, ಆದರೆ ಇದರಲ್ಲಿ ಹೊರರೋಗಿ ಚಿಕಿತ್ಸೆ, ಔಷಧ, ಥೆರಪಿ ಎಲ್ಲ ಬರುತ್ತೆ. ಒಂದೊಂದಕ್ಕೂ ಒಂದೊಂದು ಮಿತಿ ಇದೆ, ಇರಲಿ. ಮೊದಲೇ ಇರುವ ಕಾಯಿಲೆ ಅಂತ ತಳ್ಳಿಹಾಕೋದಿಲ್ಲ, ಸೇರುವ ಮುಂಚೆ ಮೆಡಿಕಲ್ ಟೆಸ್ಟ್ ಇಲ್ಲ, ಎಲ್ಲರಿಗೂ ಒಂದೇ ಪಾಲಿಸಿ. ಖಾಸಗಿ ವಿಮೆಯವರು ಹುಟ್ಟಿನಿಂದ ಬಂದ ಸಮಸ್ಯೆ ಅಂದ ಕೂಡಲೇ ಮುಖ ತಿರುಗಿಸುವ ಕಾಲ ಬಹಳ ವರ್ಷ ನಡೆಯಿತು. 2023ರ ಫೆಬ್ರವರಿಯಲ್ಲಿ ಐಆರ್‌ಡಿಎಐ ಸುತ್ತೋಲೆ ಹೊರಡಿಸಿ, ವಿಕಲಚೇತನರಿಗೂ ಪಾಲಿಸಿ ಇರಲೇಬೇಕು ಅಂತ ಕಂಪನಿಗಳಿಗೆ ಹೇಳಬೇಕಾಯ್ತು. ಅದರ ಪ್ರೀಮಿಯಂ ಕೂಲಿ ಮಾಡುವವರ ಮಾತಲ್ಲ ಬಿಡಿ.

ನಿರಾಮಯಕ್ಕೆ ನಾವು ಸೇರಿಸಿದಾಗ ಬಿಪಿಎಲ್ ಮನೆಗೆ ಮೊದಲ ಸಲ 250 ರೂಪಾಯಿ, ಆಮೇಲೆ ಪ್ರತಿ ವರ್ಷ ರಿನ್ಯೂವಲ್‌ಗೆ 50. ಎಪಿಎಲ್‌ನವರಿಗೆ 500, ಆಮೇಲೆ 250. ನಮ್ಮ ಕ್ಯಾಂಟೀನಿನಲ್ಲಿ ಐವತ್ತು ರೂಪಾಯಿಗೆ ಒಂದು ಮಸಾಲೆದೋಸೆ ಬರುತ್ತೆ.

ಆ ಐವತ್ತು ರೂಪಾಯಿಯ ಕೆಲಸವನ್ನೇ ನಾನು ಮರೆತದ್ದು. ಪಾಲಿಸಿ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತೆ. ಮಾರ್ಚ್‌ನಲ್ಲಿ ನನಗೆ ಇಂಟರ್ನಲ್ಸ್, ಆಮೇಲೆ ಹ್ಯಾಕಥಾನ್ ತಯಾರಿ. ವಿಕಲಚೇತನ ಮಕ್ಕಳಿಗೆ ಆ್ಯಪ್ ಮಾಡೋ ಭರದಲ್ಲಿ ನಮ್ಮ ಮನೆಯ ಹುಡುಗನ ವಿಮೆಯೇ ನಿಂತುಹೋಗಿತ್ತು. ಮತ್ತೆ ಮಾಡಿಸಿದ್ವಿ, ಆದರೆ ನಡುವಿನ ತಿಂಗಳ ಬಿಲ್ಲುಗಳಿಗೆ ಒಂದು ಪೈಸೆ ಬರಲಿಲ್ಲ. ಚಿಕ್ಕಮ್ಮ ಬೈಯಲಿಲ್ಲ. ಬೈದಿದ್ದರೆ ಸಮಾಧಾನ ಆಗ್ತಿತ್ತೇನೋ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಈ ಕುಟುಂಬಗಳಿಗೆ ಕೊರತೆ ಇರೋದು ಮಾಹಿತಿಯದ್ದು ಅಂತ ನಾವು ತಿಳಿದುಕೊಂಡಿದ್ದೇವೆ. ಮಾಹಿತಿ ಒಂದು ಫೋನಿನಲ್ಲಿ ಮುಗಿಯುತ್ತೆ. ಕೊರತೆ ಇರೋದು ವರ್ಷಪೂರ್ತಿ ಆ ಕಾಗದಗಳ ಬೆನ್ನು ಹತ್ತುವ ಒಬ್ಬ ಮನುಷ್ಯನದ್ದು. ಒಂದು ದಿನದ ಎನ್ಎಸ್ಎಸ್ ಕ್ಯಾಂಪ್, ಬ್ಯಾನರ್, ಗ್ರೂಪ್ ಫೋಟೋ, ಇದರಿಂದ ಪಾಲಿಸಿ ನಂಬರ್ ಹುಟ್ಟಬಹುದು, ಕ್ಲೇಮ್ ಹುಟ್ಟಲ್ಲ.

ಕ್ಲೇಮ್ ಕಥೆ ಹೇಳ್ತೀನಿ ಕೇಳಿ. ನಿರಾಮಯದಲ್ಲಿ ಯಾವ ಆಸ್ಪತ್ರೆಗಾದರೂ ಹೋಗಬಹುದು, ಆದರೆ ಮೊದಲು ಕೈಯಿಂದ ಕೊಟ್ಟು ಆಮೇಲೆ ಬಿಲ್ ಕಳಿಸಿ ದುಡ್ಡು ವಾಪಸ್ ಪಡೆಯಬೇಕು. ಚಿಕ್ಕಮ್ಮ ಹೋಗುವ ಕಡೆ ಬಿಲ್ ಅಂದರೆ ಒಂದು ಚೀಟಿ. ಸೀಲ್ ಇಲ್ಲ, ಕೆಲವದರಲ್ಲಿ ಹುಡುಗನ ಹೆಸರೂ ಇಲ್ಲ, ಬರೀ 300 ಅಂತ ಬರೆದು ಗೀಚಿದ ಸಹಿ. ಮೊದಲ ಸಲ ಮೂರು ತಿಂಗಳ ಚೀಟಿ ಕಳಿಸಿದಾಗ ಅರ್ಧಕ್ಕರ್ಧ ತಿರಸ್ಕಾರ. ಸರಿಯಾದ ಬಿಲ್ ಬುಕ್ಕಿನಲ್ಲಿ ಬರೆದುಕೊಡಿ ಅಂತ ಚಿಕ್ಕಮ್ಮ ಕೇಳಿದರೆ "ಯಾಕೆ, ಯಾರಿಗೆ ತೋರಿಸ್ತೀರಿ?" ಅಂತ ರೇಗಿದರಂತೆ. ಮುಂದಿನ ವಾರ ನಾನೇ ಹೋಗಿ ಕೇಳಿದೆ, ಮಾತಿಲ್ಲದೆ ಕೊಟ್ಟರು. ಪ್ಯಾಂಟು ಶರ್ಟು ಹಾಕಿಕೊಂಡು ನಾಲ್ಕು ಇಂಗ್ಲಿಷ್ ಪದ ಆಡುವವನಿಗೆ ಸಿಗುವ ಬಿಲ್ಲು, ಆರು ವರ್ಷದಿಂದ ಅಲ್ಲಿಗೆ ಬರುತ್ತಿರುವ ತಾಯಿಗೆ ಸಿಗಲ್ಲ. ಇದನ್ನು ಯಾವ ಆ್ಯಪ್ ಸರಿಮಾಡುತ್ತೆ ಹೇಳಿ.

ಬಾಕಿ ಅರ್ಧ ದುಡ್ಡು ಚಿಕ್ಕಮ್ಮನ ಖಾತೆಗೆ ಬಂತು. ಮೆಸೇಜ್ ಬಂದಾಗ ಓದಿಸಿಕೊಳ್ಳೋಕೆ ನನಗೇ ಫಾರ್ವರ್ಡ್ ಮಾಡಿದ್ದರು. ಫ್ರಾಡ್ ಇರಬಹುದು ಅಂತ ಹೆದರಿದ್ದರಂತೆ.

"ಇದೆಲ್ಲ ಸರ್ಕಾರದ ಕೆಲಸ ಅಲ್ವೇನೋ, ನಾವ್ಯಾಕೆ?" ಅಂತ ರೂಮ್‌ಮೇಟ್ ಕೇಳಿದ. ಹೌದು, ಸರ್ಕಾರದ ಕೆಲಸವೇ. ಗ್ರಾಮ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅಂತ ನಮ್ಮ ರಾಜ್ಯದಲ್ಲಿ ವ್ಯವಸ್ಥೆ ಇದೆ. ಅವರಲ್ಲೂ ಬಹಳಷ್ಟು ಜನ ವಿಕಲಚೇತನರೇ, ಕೆಲಸ ಮಾಡೋದು ಗೌರವಧನಕ್ಕೆ. ಸರ್ವೆ, ಪಿಂಚಣಿ, ಯುಡಿಐಡಿ ಕಾರ್ಡು, ಎಲ್ಲ ಅವರ ತಲೆ ಮೇಲೇ. ನಮ್ಮ ಕಡೆಯ ಕಾರ್ಯಕರ್ತರು ನಿರಾಮಯದ ಹೆಸರು ಕೇಳಿದ್ದರು, ಫಾರ್ಮ್ ಇಂಗ್ಲಿಷಿನಲ್ಲಿ ಇದ್ದದ್ದಕ್ಕೆ ಕೈ ಹಾಕಿರಲಿಲ್ಲ. ಅವರನ್ನು ದೂರಿ ಏನು ಪ್ರಯೋಜನ?

ಸ್ಕೀಮಿನಲ್ಲೂ ತಪ್ಪುಗಳಿವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ವೈಕಲ್ಯಗಳನ್ನು ಗುರುತಿಸುತ್ತೆ, ನಿರಾಮಯ ನಾಲ್ಕನ್ನು ಮಾತ್ರ. ಪಕ್ಕದ ಬೀದಿಯಲ್ಲಿ ಕಿವಿ ಕೇಳದ ಹುಡುಗಿ ಇದ್ದಾಳೆ, ಅವಳಿಗೂ ವಾರ ವಾರ ಸ್ಪೀಚ್ ಥೆರಪಿ ಬೇಕು, ಅವಳಿಗೆ ಇದು ಸಿಗಲ್ಲ. ಇನ್ನು ಸೆರೆಬ್ರಲ್ ಪಾಲ್ಸಿ ಒಂದು ವರ್ಷದಲ್ಲಿ ವಾಸಿಯಾಗುವ ಜ್ವರ ಅಲ್ಲ, ಪ್ರತಿ ವರ್ಷ ರಿನ್ಯೂವಲ್ ಯಾಕೆ? ಯುಡಿಐಡಿ ಇದೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇದೆ, ಐವತ್ತು ರೂಪಾಯಿ ತಾನಾಗೇ ಕಟ್ ಆಗುವಂತೆ ಮಾಡೋದು ನಮ್ಮ ಎರಡನೇ ವರ್ಷದ ಮಿನಿ ಪ್ರಾಜೆಕ್ಟಿನಷ್ಟು ಕೆಲಸ. ಕೂಲಿಯವರಿಗೆ ಮೊದಲು ಕಟ್ಟು, ಆಮೇಲೆ ಕೊಡ್ತೀನಿ ಅನ್ನೋದೂ ಸರಿಯಲ್ಲ. ಥೆರಪಿಗೆ ನಗದಿಲ್ಲದ ವ್ಯವಸ್ಥೆ ಆಗಲೇಬೇಕು. ಇದನ್ನೆಲ್ಲ ಪತ್ರ ಬರೆದು ಕೇಳೋಣ. ಕೇಳಿದ್ದು ಬರುವ ತನಕ ಬಿಲ್ ಜೋಡಿಸುತ್ತಾ ಇರೋಣ.

ನಮ್ಮ ಕನ್ನಡ ಬಳಗಕ್ಕೆ ಈ ವಿಷಯ ಯಾಕೆ ಅಂದರೆ, ಫಾರ್ಮನ್ನು ಕನ್ನಡದಲ್ಲಿ ಬಿಡಿಸಿ ಹೇಳೋದು ನಮ್ಮಿಂದ ಆಗುವ ಕೆಲಸ. ರಾಜ್ಯೋತ್ಸವಕ್ಕೆ ಬಾವುಟ ಹಾರಿಸ್ತೀವಿ, ಹಾರಿಸೋಣ. ಜೊತೆಗೆ ಒಬ್ಬೊಬ್ಬರು ಒಂದೊಂದು ಮನೆ ಹಿಡಿಯೋಣ ಅಂತ ನನ್ನ ಪ್ರಸ್ತಾಪ, ಒಂದೇ ಮನೆ, ಆದರೆ ಪೂರ್ತಿ ವರ್ಷ. ತಿಂಗಳಿಗೊಮ್ಮೆ ಬಿಲ್ಲುಗಳ ಫೋಟೋ ತರಿಸಿ ನೋಡೋದು, ಒರಿಜಿನಲ್ ಜೋಪಾನ ಮಾಡಿಸೋದು, ಫೆಬ್ರವರಿಯಲ್ಲೇ ರಿನ್ಯೂವಲ್. ಕೋರ್ಸ್ ಮುಗಿಸಿ ಹೋಗುವವರು ಜೂನಿಯರ್ ಒಬ್ಬರಿಗೆ ಫೋನ್ ನಂಬರ್ ಒಪ್ಪಿಸಿ ಹೋಗೋದು. ಮನೆಯವರ ಒಪ್ಪಿಗೆ ಇಲ್ಲದೆ ಮಗುವಿನ ಫೋಟೋ ಎಲ್ಲೂ ಹಾಕೋದಿಲ್ಲ ಅನ್ನೋದು ಮೊದಲ ಷರತ್ತು. ನಮ್ಮಜ್ಜಿ ಪ್ರಮಾಣಪತ್ರ ಮಾಡಿಸೋಕೇ ಎರಡು ವರ್ಷ ಬಿಡಲಿಲ್ಲ, "ಹುಡುಗನ ಹಣೆ ಮೇಲೆ ಸರ್ಕಾರದ ಮುದ್ರೆ ಯಾಕ ಒತ್ತಿಸ್ತೀರಿ" ಅಂತ. ಆ ಮಾತಿನ ಹಿಂದಿನ ನೋವು ಗೊತ್ತಿಲ್ಲದೆ ಯಾರ ಮನೆಗೂ ಫಾರ್ಮ್ ಹಿಡಿದು ಹೋಗಬಾರದು.

ಡಿಸೆಂಬರ್ ರಜೆಯಲ್ಲಿ ನಾನು ಊರಲ್ಲಿರ್ತೀನಿ. ಪುನರ್ವಸತಿ ಕಾರ್ಯಕರ್ತರು ನಮ್ಮ ಹೋಬಳಿಯ ಒಂದಷ್ಟು ಮನೆಗಳ ಹೆಸರು ಬರೆದಿಟ್ಟಿದ್ದಾರೆ. ಲ್ಯಾಪ್‌ಟಾಪ್ ಮತ್ತು ಮೂರು ದಿನ ಬಿಡುವು ಇರುವವರು ದಾವಣಗೆರೆಗೆ ಬಂದು ಹರಪನಹಳ್ಳಿ ಬಸ್ ಹತ್ತಿ, ತೆಲಿಗಿಯಲ್ಲಿ ಇಳಿಯಿರಿ. ನೆಟ್‌ವರ್ಕ್ ಸರಿಯಾಗಿ ಸಿಗೋದು ನಮ್ಮ ಮಾಳಿಗೆ ಮೇಲೆ. ರೊಟ್ಟಿ ಮಾಡಿಕೊಡೋಕೆ ಚಿಕ್ಕಮ್ಮ ಒಪ್ಪಿದ್ದಾರೆ, ಮಂಗಳವಾರ ಮತ್ತು ಶುಕ್ರವಾರ ಬಿಟ್ಟು. ಆ ದಿನ ಥೆರಪಿ.